ಕೆಂಪು ವಿಮಾನ ಎಂದರೆ ಹೆಚ್ಚು ಶಬ್ದವೇ?

ವಿಮಾನಗಳ ಶಬ್ದ ತೋರಿಸುವ ನಕ್ಷೆಯಲ್ಲಿ ಕೆಂಪು ವಿಮಾನವೊಂದು ನಿಮ್ಮ ಮನೆಯ ಮೇಲೆ ಹಾದುಹೋದಾಗಲೂ ಪಕ್ಕದ ವೃತ್ತದಲ್ಲಿ 58 ಎಂದಷ್ಟೇ ಇತ್ತೆಂದೂ, ಕೆಂಪು ಎಂದರೆ ಅತಿಯಾದ ಶಬ್ದವಲ್ಲವೇ ಎಂದೂ ಕೇಳಿದ್ದೀರಿ. ಅಲ್ಲ. ವಿಮಾನದ ಚಿಹ್ನೆಯ ಬಣ್ಣ ಸಾಮಾನ್ಯವಾಗಿ ಸೂಚಿಸುವುದು ಅದು ಇಳಿಯುತ್ತಿದೆಯೇ, ಮೇಲೇರುತ್ತಿದೆಯೇ ಅಥವಾ ಸುಮ್ಮನೆ ದಾಟಿಹೋಗುತ್ತಿದೆಯೇ ಎಂಬುದನ್ನು. ಯಾವ ಬಣ್ಣ ಯಾವುದಕ್ಕೆ ಎಂಬುದು ನಕ್ಷೆಯಿಂದ ನಕ್ಷೆಗೆ ಬದಲಾಗುವುದರಿಂದ ಅದರಲ್ಲೇ ಕೊಟ್ಟಿರುವ ಬಣ್ಣಗಳ ವಿವರಣೆಯನ್ನು ಮೊದಲು ನೋಡಿಕೊಳ್ಳಿ.

ಶಬ್ದವನ್ನು ಹೇಳುವುದು ಆ ವೃತ್ತ. ಅದು ನೆಲದ ಮೇಲಿರುವ ಮಾಪನ ಕೇಂದ್ರ, ಒಳಗಿನ ಸಂಖ್ಯೆ ಡೆಸಿಬಲ್. ಅದು 58ರಿಂದ 68ಕ್ಕೆ ಏರಿದರೆ ಕಿವಿಗೆ ಸುಮಾರು ಎರಡು ಪಟ್ಟು ಜೋರಾಗಿ ಕೇಳಿಸುತ್ತದೆ. ಆದರೆ ಅಲ್ಲಿನ ಮೈಕ್ರೊಫೋನಿಗೆ ಲಾರಿಯ ಸದ್ದೂ ನಾಯಿಯ ಬೊಗಳಿಕೆಯೂ ಒಂದೇ ಆದ್ದರಿಂದ, ಆಕಾಶ ಖಾಲಿಯಿದ್ದಾಗ ಸಂಖ್ಯೆ ಜಿಗಿದರೆ ಅಚ್ಚರಿಪಡಬೇಕಾಗಿಲ್ಲ. ಜೊತೆಗೆ, ಶಬ್ದವು ಸೆಕೆಂಡಿಗೆ ಸುಮಾರು 340 ಮೀಟರ್ ವೇಗದಲ್ಲಿ ಚಲಿಸುವುದರಿಂದ, 2,000 ಮೀಟರ್ ಎತ್ತರದ ವಿಮಾನದ ಸದ್ದು ನಿಮ್ಮನ್ನು ತಲುಪಲು 6 ಸೆಕೆಂಡು ಬೇಕು. ಅಷ್ಟರಲ್ಲಿ ಚಿಹ್ನೆ ಮುಂದೆ ಸರಿದಿರುತ್ತದೆ.

ಚಿಹ್ನೆಯ ಪಕ್ಕದ ಎತ್ತರವನ್ನು ಎಷ್ಟೋ ನಕ್ಷೆಗಳು ಸಮುದ್ರಮಟ್ಟದಿಂದ ಲೆಕ್ಕ ಹಾಕುತ್ತವೆ. ನಿಮ್ಮ ಊರೇ 900 ಮೀಟರ್ ಎತ್ತರದಲ್ಲಿದ್ದರೆ, 2,000 ಎಂದು ಕಾಣುವ ವಿಮಾನ ನಿಜವಾಗಿ ನಿಮ್ಮ ತಲೆಯಿಂದ 1,100 ಮೀಟರ್ ಮೇಲಷ್ಟೇ ಇರುತ್ತದೆ. ರನ್‌ವೇ ಸುತ್ತ ಉದ್ದಕ್ಕೆ ಚಾಚಿಕೊಂಡ ಬಣ್ಣದ ಪಟ್ಟೆಗಳಿದ್ದರೆ ಅವು ಬೇರೆಯೇ ವಿಷಯ: ಸಾಮಾನ್ಯವಾಗಿ ಅವು ಇಡೀ ವರ್ಷದ ಸರಾಸರಿ, ಒಂದು ಹಾರಾಟದ್ದಲ್ಲ.