ತಾರೀಖು ಒಂದೇ, ಆರಿಸಿದವರು ಯಾರು?

ಈ ಸಲ ಬಂದ ಪತ್ರಗಳನ್ನು ಬಿಡಿಸಿ ಓದುತ್ತಾ ಹೋದಾಗ, ಐದು ಪತ್ರಗಳು ಹೆಚ್ಚುಕಡಿಮೆ ಒಂದೇ ಮಾತು ಕೇಳಿದ್ದವು. ಬೇರೆ ಬೇರೆ ವರ್ಷದ ಘಟನೆಗಳು ಒಂದೇ ತಾರೀಖಿಗೆ ಹೇಗೆ ಬಂದು ಕೂರುತ್ತವೆ ಅಂತ. ಹಾಗಾಗಿ ಈ ಸಂಚಿಕೆ ಪೂರ್ತಿ ಅದಕ್ಕೇ ಮೀಸಲು.

ಪ್ರಶ್ನೆ: ನಮಸ್ಕಾರ ಸಾರ್. ಸಂಗೊಳ್ಳಿ ರಾಯಣ್ಣ ಹುಟ್ಟಿದ್ದು ಆಗಸ್ಟ್ 15, ಗಲ್ಲಿಗೇರಿದ್ದು ಜನವರಿ 26. ನನ್ನ ಮಗಳು ಶಾಲೆಯ ಭಾಷಣಕ್ಕೆ ತಯಾರಾಗುವಾಗ, "ಅಪ್ಪಾ, ರಾಯಣ್ಣನ ನೆನಪಿಗೇ ಆ ಎರಡು ದಿನ ಇಟ್ಟರಾ?" ಎಂದು ಕೇಳಿದಳು. ನನಗೆ ಉತ್ತರ ಗೊತ್ತಿರಲಿಲ್ಲ.
– ಓದುಗರೊಬ್ಬರು, ಬೈಲಹೊಂಗಲ

ಉತ್ತರ: ಇಲ್ಲ. ದೆಹಲಿಯಲ್ಲಿ ಆ ದಿನಗಳನ್ನು ಗೊತ್ತು ಮಾಡಿದವರ ತಲೆಯಲ್ಲಿ ರಾಯಣ್ಣ ಇರಲಿಲ್ಲ. ಆದರೆ ಆ ಎರಡು ದಿನಗಳೂ ಸುಮ್ನೆ ಬಂದವಲ್ಲ. ಎರಡನ್ನೂ ಯಾರೋ ಯೋಚಿಸಿ ಆರಿಸಿದರು, ಅದೂ ಹಳೆಯ ಇನ್ನೊಂದು ಘಟನೆಯನ್ನು ಮನಸ್ಸಿನಲ್ಲಿಟ್ಟುಕೊಂಡು.

ಮೊದಲು ಜನವರಿ 26. 1929ರ ಡಿಸೆಂಬರ್‌ನಲ್ಲಿ ಲಾಹೋರ್‌ನಲ್ಲಿ ಕಾಂಗ್ರೆಸ್ ಅಧಿವೇಶನ. ಜವಾಹರಲಾಲ್ ನೆಹರೂ ಅಧ್ಯಕ್ಷರು. ಅರ್ಧಂಬರ್ಧ ಅಧಿಕಾರ ಬೇಡ, ಪೂರ್ಣ ಸ್ವರಾಜ್ಯವೇ ಬೇಕು ಎಂಬ ನಿರ್ಣಯ ಅಲ್ಲಿ ಆಯಿತು. ಡಿಸೆಂಬರ್ 31ರ ನಡುರಾತ್ರಿ ರಾವಿ ನದಿಯ ದಡದಲ್ಲಿ ಬಾವುಟ ಏರಿಸಿದರು. ದೇಶದ ಜನರೆಲ್ಲ ಸೇರಿ ಪ್ರತಿಜ್ಞೆ ಮಾಡುವುದಕ್ಕೆ 1930ರ ಜನವರಿ 26 ಗೊತ್ತಾಯಿತು. ಅಂದು ಭಾನುವಾರ. ಅಲ್ಲಿಂದ ಪ್ರತಿ ವರ್ಷ ಜನವರಿ 26 ಅಂದರೆ ಸ್ವಾತಂತ್ರ್ಯ ದಿನ. ಸ್ವಾತಂತ್ರ್ಯ ಇನ್ನೂ ಬಂದಿರಲಿಲ್ಲ, ಆದರೂ ದಿನ ಮಾತ್ರ ನಮ್ಮದಾಗಿತ್ತು. ಆ ದಿನ ಬಾವುಟ ಹಿಡಿದು ಲಾಠಿ ಏಟು ತಿಂದವರು, ಜೈಲಿಗೆ ಹೋದವರು ಊರೂರಲ್ಲಿ ಇದ್ದರು.

ಆಮೇಲೆ ನಿಜವಾದ ಸ್ವಾತಂತ್ರ್ಯ ಬಂದಿದ್ದು ಆಗಸ್ಟ್ 15ಕ್ಕೆ. ಹದಿನೇಳು ವರ್ಷ ಆಚರಿಸಿದ ಜನವರಿ 26 ಹಾಗೇ ಉಳಿದುಬಿಟ್ಟಿತು. 1949ರ ನವೆಂಬರ್ 26ಕ್ಕೆ ಸಂವಿಧಾನವನ್ನು ಅಂಗೀಕರಿಸಿದರು. ಪೌರತ್ವದಂಥ ಕೆಲವು ವಿಧಿಗಳು ಅವತ್ತೇ ಜಾರಿಗೆ ಬಂದವು. ಉಳಿದದ್ದಕ್ಕೆ ಸರಿಯಾಗಿ ಎರಡು ತಿಂಗಳು ಕಾದರು. ಯಾಕೆ? ಆ ಜನವರಿ 26ಕ್ಕೇ. ಜನ ಅಷ್ಟು ವರ್ಷ ತಮ್ಮದೆಂದು ಸಾಕಿಕೊಂಡು ಬಂದ ಒಂದು ದಿನವನ್ನು ಮರೆಯಬಾರದು ಅಂತ ಇಡೀ ದೇಶದ ಸಂವಿಧಾನ ಎರಡು ತಿಂಗಳು ಕಾದಿತಲ್ಲ, ನನಗೆ ಇದು ಬಹಳ ದೊಡ್ಡ ವಿಷಯ ಅನಿಸುತ್ತದೆ.

ಆಗಸ್ಟ್ 15ರದು ಬೇರೆಯೇ ಕಥೆ. ಅದನ್ನು ಆರಿಸಿದ್ದು ನಮ್ಮವರಲ್ಲ, ಆಗ ಇಲ್ಲಿ ಬ್ರಿಟಿಷ್ ವೈಸ್‌ರಾಯ್ ಆಗಿದ್ದ ಮೌಂಟ್‌ಬ್ಯಾಟನ್. ಬ್ರಿಟಿಷ್ ಸರ್ಕಾರ ಮೊದಲು ಹೇಳಿದ್ದು 1948ರ ಜೂನ್ ಒಳಗೆ ಅಧಿಕಾರ ಬಿಟ್ಟುಕೊಡುತ್ತೇವೆ ಎಂದು. 1947ರ ಜೂನ್ 4ರ ಪತ್ರಿಕಾಗೋಷ್ಠಿಯಲ್ಲಿ ಮೌಂಟ್‌ಬ್ಯಾಟನ್ ಆಗಸ್ಟ್ 15ರ ಮಾತು ಎತ್ತಿದರು. ಅವರೇ ಮುಂದೆ ಹೇಳಿಕೊಂಡ ಪ್ರಕಾರ, ಆ ದಿನ ಮನಸ್ಸಿಗೆ ಹೊಳೆದದ್ದಕ್ಕೆ ಕಾರಣ ಜಪಾನ್. ಎರಡನೇ ಮಹಾಯುದ್ಧದಲ್ಲಿ ಅವರು ಆಗ್ನೇಯ ಏಷ್ಯಾದ ಮಿತ್ರಪಡೆಗಳ ಮುಖ್ಯಸ್ಥರಾಗಿದ್ದರು. ಜಪಾನ್ ಶರಣಾಗುವ ಸುದ್ದಿ ಅಲ್ಲಿನ ಜನರಿಗೆ ತಿಳಿದದ್ದು 1945ರ ಆಗಸ್ಟ್ 15ರಂದು.

ಆ ದಿನದ ಜಪಾನನ್ನು ಸ್ವಲ್ಪ ಹತ್ತಿರದಿಂದ ನೋಡಿ. ಮಧ್ಯಾಹ್ನ ಹನ್ನೆರಡು ಗಂಟೆ. ಜನ ರೇಡಿಯೋ ಮುಂದೆ ತಲೆ ತಗ್ಗಿಸಿ ನಿಂತಿದ್ದಾರೆ. ಚಕ್ರವರ್ತಿ ಹಿರೋಹಿಟೊ ಧ್ವನಿಯನ್ನು ಅಲ್ಲಿಯವರೆಗೆ ಸಾಮಾನ್ಯ ಜನ ಕೇಳಿಯೇ ಇರಲಿಲ್ಲ. ಹಿಂದಿನ ರಾತ್ರಿ ಅರಮನೆಯಲ್ಲಿ ಅವರ ಮಾತನ್ನು ಗ್ರಾಮಫೋನ್ ತಟ್ಟೆಗೆ ತುಂಬಿಸಿದ್ದರು. ಶರಣಾಗಲು ಒಪ್ಪದ ಕೆಲವು ಸೇನಾಧಿಕಾರಿಗಳು ಆ ತಟ್ಟೆಗಾಗಿ ರಾತ್ರಿಯೆಲ್ಲ ಅರಮನೆ ಜಾಲಾಡಿದರು, ಸಿಗಲಿಲ್ಲ. ಕೊನೆಗೆ ರೇಡಿಯೋದಲ್ಲಿ ಧ್ವನಿ ಬಂದಾಗ ಗೊರಗೊರ ಸದ್ದು, ಅದರ ಮೇಲೆ ಆಸ್ಥಾನದ ಹಳೆಯ ಭಾಷೆ. ಎಷ್ಟೋ ಜನಕ್ಕೆ ಸೋತಿದ್ದೇವೋ ಗೆದ್ದಿದ್ದೇವೋ ಅಂತಲೇ ತಿಳಿಯಲಿಲ್ಲ.

ಜಪಾನಿನ ಹಿಡಿತದಲ್ಲಿದ್ದ ಕೊರಿಯಾಕ್ಕೆ ಅದೇ ಕ್ಷಣ ಬಿಡುಗಡೆ. ಅದಕ್ಕೇ ಆಗಸ್ಟ್ 15 ಇವತ್ತಿಗೂ ಎರಡೂ ಕೊರಿಯಾಗಳಿಗೆ ವಿಮೋಚನೆಯ ದಿನ. ದಕ್ಷಿಣ ಕೊರಿಯಾ ತನ್ನ ಸರ್ಕಾರವನ್ನು ಘೋಷಿಸಿದ್ದೂ 1948ರ ಆಗಸ್ಟ್ 15ಕ್ಕೇ. ಅಂದರೆ ನಾವೂ ಕೊರಿಯಾದವರೂ ಒಂದೇ ದಿನ ಬಾವುಟ ಹಾರಿಸುವುದು ಆಕಸ್ಮಿಕ ಅಲ್ಲವೇ ಅಲ್ಲ. ಎರಡರ ಬೇರೂ ಆ ಒಂದು ರೇಡಿಯೋ ಭಾಷಣದಲ್ಲಿದೆ. ಆದರೆ ಶ್ರೀ ಅರವಿಂದರು ಹುಟ್ಟಿದ್ದು 1872ರ ಆಗಸ್ಟ್ 15, ಪನಾಮಾ ಕಾಲುವೆ ಹಡಗುಗಳಿಗೆ ತೆರೆದದ್ದು 1914ರ ಆಗಸ್ಟ್ 15. ಇವೆರಡೂ ತಾವಾಗಿ ಕೂಡಿಬಂದವು.

ರಾಯಣ್ಣನದೂ ಹಾಗೆ ಕೂಡಿಬಂದದ್ದೇ. ಕಿತ್ತೂರು ಬಿದ್ದ ಮೇಲೂ ಕೈಕಟ್ಟಿ ಕೂರದೆ, ಚೆನ್ನಮ್ಮನ ದತ್ತುಮಗನಿಗೆ ಗಾದಿ ಕೊಡಿಸಬೇಕೆಂದು ಕಾಡಿನಲ್ಲಿದ್ದುಕೊಂಡು ಕಂಪನಿ ಕಚೇರಿಗಳಿಗೆ ಬೆಂಕಿ ಇಟ್ಟವನು, ನಮ್ಮವರೇ ಹಿಡಿದುಕೊಟ್ಟಿದ್ದರಿಂದ ಸಿಕ್ಕಿಬಿದ್ದ. 1831ರ ಜನವರಿ 26ರಂದು ನಂದಗಡದಲ್ಲಿ ಗಲ್ಲಿಗೇರಿಸಿದರು. ಅಲ್ಲಿ ಅವನ ಸಮಾಧಿಯ ಬಳಿ ಆಲದ ಮರ ಇದೆ. ಮಕ್ಕಳಾಗಲಿ ಅಂತ ಹರಕೆ ಹೊತ್ತವರು ಅದಕ್ಕೆ ತೊಟ್ಟಿಲು ಕಟ್ಟುತ್ತಾರೆ. ನಿಮಗೆ ಅದು ದೂರವಲ್ಲ, ಒಂದು ಸಲ ಮಗಳನ್ನು ಕರೆದುಕೊಂಡು ಹೋಗಿ. ಭಾಷಣದಲ್ಲಿ ಅವಳು, "ಈ ದಿನಗಳನ್ನು ರಾಯಣ್ಣನಿಗಾಗಿ ಇಡಲಿಲ್ಲ, ಆದರೆ ನಮ್ಮ ಜಿಲ್ಲೆಯವರು ಈ ಎರಡೂ ದಿನ ಅವನನ್ನು ನೆನೆಯದೆ ಇರಲಾರರು" ಎಂದು ಹೇಳಲಿ. ಅದು ನಿಜ, ಅಷ್ಟು ಸಾಕು.

ಪ್ರಶ್ನೆ: ನಮ್ಮೂರಲ್ಲಿ ನವೆಂಬರ್ 1ಕ್ಕೆ ಶಾಲೆಯಲ್ಲಿ ಕೇರಳ ಪಿರವಿ (ಕೇರಳ ರಾಜ್ಯ ಹುಟ್ಟಿದ ದಿನ), ಮನೆಯಲ್ಲಿ ಕನ್ನಡ ರಾಜ್ಯೋತ್ಸವ. ಎರಡೂ ಒಂದೇ ದಿನ ಯಾಕೆ? ಬೇರೆ ರಾಜ್ಯಗಳಿಗೂ ಇದೇ ದಿನವಂತೆ, ಹೌದಾ?
– ಓದುಗರೊಬ್ಬರು, ಕಾಸರಗೋಡು

ಉತ್ತರ: ಒಂದೇ ಕಾನೂನು, ಅದಕ್ಕೇ ಒಂದೇ ದಿನ. 1956ರ ರಾಜ್ಯ ಪುನರ್ವಿಂಗಡಣೆ ಕಾಯ್ದೆ ಆ ವರ್ಷದ ನವೆಂಬರ್ 1ಕ್ಕೆ ಜಾರಿಗೆ ಬಂತು. ಅಂದು ಬೆಳಗಾಗುವಷ್ಟರಲ್ಲಿ ದೇಶದಲ್ಲಿ 14 ರಾಜ್ಯ, 6 ಕೇಂದ್ರಾಡಳಿತ ಪ್ರದೇಶ. ಮುಂಬೈ ಪ್ರಾಂತ್ಯದ ಧಾರವಾಡ, ಬೆಳಗಾವಿ, ವಿಜಯಪುರ, ಉತ್ತರ ಕನ್ನಡ, ಹೈದರಾಬಾದಿನ ಬೀದರ್, ಕಲಬುರಗಿ, ರಾಯಚೂರು, ಮದರಾಸಿನ ದಕ್ಷಿಣ ಕನ್ನಡ, ಕೊಳ್ಳೇಗಾಲ, ಜೊತೆಗೆ ಕೊಡಗು ಎಲ್ಲ ಹಳೆ ಮೈಸೂರಿಗೆ ಸೇರಿದವು. ಬಳ್ಳಾರಿ ಮಾತ್ರ ಮೂರು ವರ್ಷ ಮೊದಲೇ, 1953ರ ಅಕ್ಟೋಬರ್ 1ಕ್ಕೆ ಬಂದಿತ್ತು. ನಿಮ್ಮ ಕಾಸರಗೋಡು ಅಲ್ಲಿಯವರೆಗೆ ದಕ್ಷಿಣ ಕನ್ನಡದ್ದೇ ತಾಲ್ಲೂಕು. ಅದು ಕೇರಳಕ್ಕೆ ಹೋಯಿತು. ಒಂದೇ ದಿನ ನಮಗೆ ಒಂದಾದ ಸಂತೋಷ, ನಿಮ್ಮಲ್ಲಿ ಎಷ್ಟೋ ಮನೆಗಳಿಗೆ ಬೇರೆಯಾದ ನೋವು. ರಾಜ್ಯೋತ್ಸವದ ಭಾಷಣಗಳಲ್ಲಿ ಆ ಎರಡನೆಯದು ಜಾಸ್ತಿ ಕೇಳಿಸುವುದಿಲ್ಲ, ಕೇಳಿಸಬೇಕಿತ್ತು.

ಮುಂದಿನವು ಬೇಕೆಂದೇ ಆರಿಸಿದ್ದು. ಮೈಸೂರು ರಾಜ್ಯಕ್ಕೆ ಕರ್ನಾಟಕ ಅಂತ ಹೆಸರು ಬಂದಿದ್ದು 1973ರ ನವೆಂಬರ್ 1, ದೇವರಾಜ ಅರಸರು ಮುಖ್ಯಮಂತ್ರಿಯಾಗಿದ್ದಾಗ. ಹರಿಯಾಣ ಪಂಜಾಬಿನಿಂದ ಬೇರೆಯಾದದ್ದು 1966ರ ನವೆಂಬರ್ 1. ಛತ್ತೀಸ್‌ಗಢ ಹುಟ್ಟಿದ್ದು 2000ದ ನವೆಂಬರ್ 1. ಅದೇ ತಿಂಗಳು ಹುಟ್ಟಿದ ಜಾರ್ಖಂಡ್ ಮಾತ್ರ 15ನೇ ತಾರೀಖನ್ನು ಹಿಡಿಯಿತು, ಅದು ಬಿರ್ಸಾ ಮುಂಡಾ ಜನ್ಮದಿನ. ತಮಿಳುನಾಡು ಇನ್ನೂ ಒಂದು ಹೆಜ್ಜೆ ಮುಂದೆ ಹೋಯಿತು. ನವೆಂಬರ್ 1 ನಮಗೆ ಊರುಗಳನ್ನು ಕಳೆದುಕೊಂಡ ದಿನ, ಹೆಸರು ಪಡೆದ ದಿನ ಜುಲೈ 18 ಅಂತ 2021ರಲ್ಲಿ ತನ್ನ ನಾಡ ದಿನವನ್ನೇ ಬದಲಾಯಿಸಿತು. 1967ರ ಜುಲೈ 18ರಂದು ಅಲ್ಲಿನ ವಿಧಾನಸಭೆ ತಮಿಳುನಾಡು ಎಂಬ ಹೆಸರಿಗೆ ನಿರ್ಣಯ ಮಾಡಿತ್ತು.

ಇನ್ನೊಂದು ನವೆಂಬರ್ 1 ಹೇಳದೆ ಇರಲಾರೆ. 1755, ಪೋರ್ಚುಗಲ್‌ನ ಲಿಸ್ಬನ್. ಕ್ರೈಸ್ತರಿಗೆ ಅದು ಸಕಲ ಸಂತರ ಹಬ್ಬ. ಬೆಳಗಿನ ಪೂಜೆಗೆ ಚರ್ಚುಗಳು ತುಂಬಿದ್ದವು, ಎಲ್ಲೆಲ್ಲೂ ಮೇಣದ ಬತ್ತಿ ಉರಿಯುತ್ತಿದ್ದವು. ಆಗಲೇ ಭೂಮಿ ನಡುಗಿತು. ಗೋಡೆ ಕುಸಿದು ಸತ್ತವರು ಒಂದಷ್ಟು, ನದಿಯ ಕಡೆಗೆ ಓಡಿದವರ ಮೇಲೆ ಬಂದ ಸಮುದ್ರದ ಅಲೆಗಳಿಗೆ ಸಿಕ್ಕವರು ಒಂದಷ್ಟು. ಬಿದ್ದ ಬತ್ತಿಗಳಿಂದಲೂ ಒಲೆಗಳಿಂದಲೂ ಹತ್ತಿದ ಬೆಂಕಿ ದಿನಗಟ್ಟಲೆ ಉರಿಯಿತು. ಭೂಕಂಪಕ್ಕೆ ತಾರೀಖು ಗೊತ್ತಿಲ್ಲ ನಿಜ. ಆದರೆ ಆ ದಿನ ಹಬ್ಬವಲ್ಲದಿದ್ದರೆ ಅಷ್ಟು ಜನ ಒಂದೇ ಸೂರಿನ ಕೆಳಗೆ ಇರುತ್ತಿರಲಿಲ್ಲ ಅಲ್ವಾ.

ಪ್ರಶ್ನೆ: ಶೇಕ್ಸ್‌ಪಿಯರ್ ಮತ್ತು ಸ್ಪೇನಿನ ಸೆರ್ವಾಂಟಿಸ್ ಒಂದೇ ದಿನ ತೀರಿಕೊಂಡರು ಎಂದು ಓದಿದೆ. ನಿಜವೇ?
– ಓದುಗರೊಬ್ಬರು, ಮಂಡ್ಯ

ಉತ್ತರ: ತಾರೀಖು ಒಂದು, ದಿನ ಬೇರೆ. ಇಬ್ಬರಿಗೂ 1616ರ ಏಪ್ರಿಲ್ 23 ಅಂತ ಹೇಳುತ್ತಾರೆ. ಆದರೆ ಸ್ಪೇನ್ 1582ರಲ್ಲೇ ಹೊಸ ಗ್ರೆಗೋರಿಯನ್ ಕ್ಯಾಲೆಂಡರ್‌ಗೆ ಬದಲಾಗಿತ್ತು. ಇಂಗ್ಲೆಂಡ್ ಹಳೆಯದನ್ನೇ 1752ರವರೆಗೆ ಇಟ್ಟುಕೊಂಡಿತ್ತು. ಎರಡರ ನಡುವೆ ಆಗ ಹತ್ತು ದಿನಗಳ ಅಂತರ. ಸ್ಪೇನಿನ ಲೆಕ್ಕದಲ್ಲಿ ಶೇಕ್ಸ್‌ಪಿಯರ್ ತೀರಿಕೊಂಡಿದ್ದು ಮೇ 3. ಸೆರ್ವಾಂಟಿಸ್ ತೀರಿಕೊಂಡಿದ್ದು 22ಕ್ಕೆ, ಮಣ್ಣು ಮಾಡಿದ್ದು 23ಕ್ಕೆ ಎಂದು ಈಗಿನ ವಿದ್ವಾಂಸರು ಹೇಳುತ್ತಾರೆ. ಆದರೂ ಏಪ್ರಿಲ್ 23 ವಿಶ್ವ ಪುಸ್ತಕ ದಿನವಾಗಿದೆ, ಆಗಲಿ ಬಿಡಿ.

ಪ್ರಶ್ನೆ: ನಾನು ಒಂಬತ್ತನೇ ತರಗತಿ. ನಮ್ಮ ತರಗತಿಯಲ್ಲಿ 42 ಮಂದಿ. ನನ್ನ ಗೆಳತಿಗೂ ಇನ್ನೊಬ್ಬನಿಗೂ ಒಂದೇ ದಿನ ಹುಟ್ಟುಹಬ್ಬ. ಇದು ಅಪರೂಪವಾ?
– ವಿದ್ಯಾರ್ಥಿನಿ, ಹಾಸನ

ಉತ್ತರ: ಅಪರೂಪ ಅಲ್ಲ ಪುಟ್ಟಿ, ಇಲ್ಲದಿದ್ದರೆ ಅಪರೂಪ. 42 ಮಂದಿಯಲ್ಲಿ ಇಬ್ಬಿಬ್ಬರ ಜೋಡಿ ಮಾಡುತ್ತಾ ಹೋಗು, 861 ಜೋಡಿ ಆಗುತ್ತವೆ. ವರ್ಷಕ್ಕೆ ಇರುವುದು 365 ದಿನ. ಎಲ್ಲೋ ಒಂದು ಜೋಡಿ ಹೊಂದಿಕೆಯಾಗುವ ಸಾಧ್ಯತೆ ನೂರಕ್ಕೆ 91. ಬರೀ 23 ಜನ ಇದ್ದರೂ ಅರ್ಧಕ್ಕಿಂತ ಜಾಸ್ತಿ. ನಿನ್ನ ದಿನವೇ ಬೇರೆಯವರಿಗೂ ಇರಬೇಕು ಅಂದರೆ ಕಷ್ಟ, ಯಾರಾದರೂ ಇಬ್ಬರಿಗೆ ಅಂದರೆ ಸುಲಭ. ಇತಿಹಾಸದಲ್ಲಿ ಸಾವಿರಾರು ಘಟನೆಗಳಿವೆ, ಅವು ಒಂದೇ ತಾರೀಖಿಗೆ ಬಂದು ಸೇರುವುದೂ ಹೀಗೇ. ಪಕ್ಕದ ತರಗತಿಯಲ್ಲೂ ಕೇಳಿ ನೋಡು.

ಪ್ರಶ್ನೆ: ನಮ್ಮ ತಂದೆ, ಇಬ್ಬರು ಚಿಕ್ಕಪ್ಪಂದಿರು, ಮೂವರದೂ ದಾಖಲೆಯಲ್ಲಿ ಜೂನ್ 1. ಅಜ್ಜಿ ಹೇಳುತ್ತಿದ್ದದ್ದು ಅಪ್ಪ 1950ರ ನಾಗರ ಪಂಚಮಿಯ ದಿನ ಹುಟ್ಟಿದ್ದು ಅಂತ. ಅವರ ಹುಟ್ಟುಹಬ್ಬ ಯಾವತ್ತು ಮಾಡೋಣ?
– ಓದುಗರೊಬ್ಬರು, ಹಾವೇರಿ

ಉತ್ತರ: ನಿಮ್ಮ ಮನೆಯದು ಮಾತ್ರವಲ್ಲ, ಆ ತಲೆಮಾರಿನ ಎಷ್ಟೋ ಮನೆಗಳ ಕಥೆ ಇದು. ನಮ್ಮ ತಂದೆಯದೂ ಜೂನ್ 1. ಶಾಲೆ ಶುರುವಾಗುವ ಹೊತ್ತಿಗೆ ಅಜ್ಜ ಕೈಹಿಡಿದು ಕರೆದುಕೊಂಡು ಹೋದರಂತೆ. ಮಾಸ್ತರರು ತಾರೀಖು ಕೇಳಿದರು, ಅಜ್ಜ "ಆ ವರ್ಷ ಕೆರೆ ಕೋಡಿ ಬಿದ್ದಿತ್ತು, ಅದರ ಮಾರನೇ ವಾರ" ಅಂದರು. ಹುಡುಗನಿಗೆ ಆರು ತುಂಬಿರುವ ಹಾಗೆ ಲೆಕ್ಕ ಹಾಕಿ, ಮಾಸ್ತರರು ಜೂನ್ 1 ಅಂತ ಬರೆದುಕೊಂಡರು. ಸರ್ಕಾರಿ ಕಚೇರಿಗಳಲ್ಲಿ ಮೇ 31ಕ್ಕೆ ಬೀಳ್ಕೊಡುಗೆ ಸಮಾರಂಭ ಜಾಸ್ತಿ ಇರುವುದಕ್ಕೂ ಇದೇ ಕಾರಣ. ಇಲ್ಲೂ ತಾರೀಖನ್ನು ಯಾರೋ ಆರಿಸಿದರು ನೋಡಿ.

ನಿಮ್ಮ ಅಜ್ಜಿಯ ಮಾತು ದಾಖಲೆಗಿಂತ ಗಟ್ಟಿ. ನಾಗರ ಪಂಚಮಿ ಅಂದರೆ ಶ್ರಾವಣ ಶುದ್ಧ ಪಂಚಮಿ. 1950ರಲ್ಲಿ ಅದು ಬಿದ್ದದ್ದು ಆಗಸ್ಟ್ 17 ಅಥವಾ 18ಕ್ಕೆ. ತಿಥಿ ಚಂದ್ರನ ಲೆಕ್ಕ, ತಾರೀಖು ಸೂರ್ಯನ ಲೆಕ್ಕ, ಅದಕ್ಕೇ ಎರಡೂ ಪ್ರತಿ ವರ್ಷ ಕೂಡುವುದಿಲ್ಲ. ಆದರೆ 235 ಚಾಂದ್ರಮಾಸಗಳು ಸೇರಿದರೆ ಸರಿಸುಮಾರು 19 ವರ್ಷ. ಹಾಗಾಗಿ 19 ವರ್ಷಕ್ಕೊಮ್ಮೆ ಹಳೆಯ ತಿಥಿ ಹಳೆಯ ತಾರೀಖಿನ ಪಕ್ಕಕ್ಕೇ ಬಂದು ನಿಲ್ಲುತ್ತದೆ, ಒಂದು ದಿನ ಆಚೆ ಈಚೆ. 1950ಕ್ಕೆ ನಾಲ್ಕು ಹತ್ತೊಂಬತ್ತು ಕೂಡಿಸಿ, 2026. ಆ ವರ್ಷದ ನಾಗರ ಪಂಚಮಿ ಆಗಸ್ಟ್ 17ಕ್ಕೆ. ಅಂದು ನಿಮ್ಮ ತಂದೆಗೆ 76. ಹೇಗಿದ್ದರೂ ಪಂಚಮಿಗೆ ಉಂಡಿ ಕಟ್ಟುತ್ತೀರಿ, ಜೋಕಾಲಿ ಹಾಕುತ್ತೀರಿ. ಈ ಸಲ ಅವರನ್ನೂ ಜೋಕಾಲಿ ಮೇಲೆ ಕೂರಿಸಿ.