ಕೇಳಿ ತೆಗೆಯಬೇಕಾ, ತೆಗೆದು ಕೇಳಬೇಕಾ?

ಪ್ರಶ್ನೆ: ಭಾನುವಾರ ಬೆಳಿಗ್ಗೆ ಮಾರುಕಟ್ಟೆಗೆ ಹೋಗಿ ಜನರ ಫೋಟೊ ತೆಗೆಯುತ್ತೇನೆ. ಕೇಳಿದರೆ ಎಲ್ಲರೂ ಸೆಟೆದು ನಿಂತುಬಿಡುತ್ತಾರೆ. ಅದಕ್ಕೇ ಮೆಸೇಜ್ ನೋಡುವವನ ಹಾಗೆ ಮೊಬೈಲ್ ಹಿಡಿದು ಕದ್ದು ತೆಗೆಯುತ್ತೇನೆ. ಹೋದ ವಾರ ಒಬ್ಬರು ಅಜ್ಜ ಅದನ್ನು ನೋಡಿ ಮುಖಕ್ಕೆ ಕೈ ಅಡ್ಡ ಹಿಡಿದರು. ನಾನು ಮಾಡುತ್ತಿರುವುದು ತಪ್ಪಾ?
(ಒಬ್ಬ ಓದುಗರು, ಹಾಸನ)

ಉತ್ತರ: ಕೇಳದೆ ತೆಗೆಯುವುದು ತಪ್ಪು ಅಂತ ನಾನು ಹೇಳಲಾರೆ. ಬಚ್ಚಿಟ್ಟುಕೊಂಡು ತೆಗೆಯುವುದು ಮಾತ್ರ ನನಗೆ ಒಪ್ಪಿಗೆಯಿಲ್ಲ.

ಮೈಸೂರಿನ ದೇವರಾಜ ಮಾರುಕಟ್ಟೆಗೆ ನಾನು ಕ್ಯಾಮೆರಾವನ್ನು ಎಲ್ಲರಿಗೂ ಕಾಣುವ ಹಾಗೆ ಕೊರಳಿಗೆ ಹಾಕಿಕೊಂಡೇ ಹೋಗುತ್ತೇನೆ. ಎರಡು ಮೊಳ ಮಲ್ಲಿಗೆ ಕೊಂಡು ಅಲ್ಲೇ ಸುಮಾರು ಹೊತ್ತು ನಿಲ್ಲುತ್ತೇನೆ. ಮೊದಮೊದಲು ಎಲ್ಲರೂ ನನ್ನನ್ನೇ ನೋಡುತ್ತಾರೆ. ಎಷ್ಟು ಹೊತ್ತು ಅಂತ ನೋಡುತ್ತಾರೆ? ಕೆಲಸ ಕಾಯುತ್ತಿರುತ್ತದೆ. ಒಬ್ಬರು ಕಾಲಿನ ಹೆಬ್ಬೆರಳಿಗೆ ದಾರ ಸಿಕ್ಕಿಸಿ ಹೂ ಕಟ್ಟಲು ಶುರು ಮಾಡುತ್ತಾರೆ, ಇನ್ನೊಬ್ಬರು ಚಿಲ್ಲರೆಗೆ ಪಕ್ಕದ ಅಂಗಡಿಗೆ ಕೂಗುತ್ತಾರೆ. ಆಗ ತೆಗೆಯುತ್ತೇನೆ. ನಾನು ಕೇಳಿರುವುದಿಲ್ಲ, ನಿಜ. ಆದರೆ ಕ್ಯಾಮೆರಾ ಇದೆ ಅಂತ ಅವರಿಗೆ ಗೊತ್ತು. ಬೇಡ ಅನ್ನಲು ಅವರಿಗೆ ದಾರಿ ಇದೆ.

ಅಮೆರಿಕದ ಫೋಟೊಗ್ರಾಫರ್ ವಾಕರ್ ಇವಾನ್ಸ್ 1938ರಿಂದ 1941ರವರೆಗೆ ನ್ಯೂಯಾರ್ಕ್‌ನ ಸುರಂಗ ರೈಲಿನಲ್ಲಿ ಎದುರು ಸೀಟಿನವರನ್ನು ತೆಗೆದರು. ಕ್ಯಾಮೆರಾ ಕೋಟಿನೊಳಗೆ, ಲೆನ್ಸ್ ಕೋಟಿನ ಗುಂಡಿಗಳ ನಡುವೆ, ಕ್ಲಿಕ್ ಮಾಡುವ ತಂತಿ ತೋಳಿನೊಳಗೆ. ಎಷ್ಟು ದಣಿದ, ಎಷ್ಟು ನಿಜವಾದ ಮುಖಗಳು ಅವು! ಆ ಚಿತ್ರಗಳು ನನಗೆ ತುಂಬಾ ಇಷ್ಟ. ಆದರೆ ಅವರು ಅವನ್ನು ಪುಸ್ತಕವಾಗಿ ತಂದದ್ದು 1966ರಲ್ಲಿ. ಅಷ್ಟು ವರ್ಷ ಕಾಯುವವರು ಈಗ ಯಾರಿದ್ದಾರೆ? ಇವತ್ತು ಕದ್ದು ತೆಗೆದ ಮುಖ ಸಂಜೆಯೊಳಗೆ ಅವರ ಬೀಗರ ಮೊಬೈಲಿಗೆ ಬಂದಿರುತ್ತದೆ.

ಸಾರ್ವಜನಿಕ ಜಾಗದಲ್ಲಿ ಫೋಟೊ ತೆಗೆಯುವುದನ್ನೇ ನಿಷೇಧಿಸುವ ಸಾಮಾನ್ಯ ಕಾನೂನು ನಮ್ಮಲ್ಲಿಲ್ಲ. ಆದರೆ ಖಾಸಗಿತನ ಮೂಲಭೂತ ಹಕ್ಕು ಅಂತ ಸುಪ್ರೀಂ ಕೋರ್ಟಿನ 9 ನ್ಯಾಯಮೂರ್ತಿಗಳ ಪೀಠ 2017ರ ಆಗಸ್ಟ್‌ನಲ್ಲಿ ಹೇಳಿದೆ. ಆ ಕೇಸ್ ಹಾಕಿದವರು ನಮ್ಮ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿ. ಸಂತೆಗೆ ಬಂದ ಮನುಷ್ಯ ಆ ಹಕ್ಕನ್ನು ಮನೆಯಲ್ಲಿ ಬಿಟ್ಟು ಬಂದಿರುತ್ತಾನಾ?

ಅಜ್ಜ ಕೈ ಅಡ್ಡ ಹಿಡಿದರಲ್ಲ, ಅವರು ಬೇಡ ಅಂದ ಹಾಗೇ. ಆ ಫೋಟೊ ಅಳಿಸಿ. ಮುಂದೆ ಹೀಗಾದರೆ ಅವರ ಎದುರಿಗೇ ಅಳಿಸಿ. ಮೊಬೈಲಿನ ಕಸದ ಬುಟ್ಟಿಯಿಂದಲೂ ತೆಗೆದುಹಾಕಿ, ಇಲ್ಲದಿದ್ದರೆ ಕೆಲವು ದಿನ ಅಲ್ಲೇ ಕೂತಿರುತ್ತದೆ. ಇನ್ನು ಕುಡಿದು ಬಿದ್ದವರು, ಅಳುತ್ತಿರುವವರು, ಬಸ್‌ಸ್ಟ್ಯಾಂಡಿನಲ್ಲಿ ನಿದ್ದೆ ಹೋದವರು: ಇವರ ಕಡೆ ನಾನು ಕ್ಯಾಮೆರಾ ಎತ್ತುವುದೇ ಇಲ್ಲ. ಬೇಡ ಅನ್ನುವ ಸ್ಥಿತಿಯಲ್ಲೇ ಅವರು ಇರುವುದಿಲ್ಲ.

ಪ್ರಶ್ನೆ: ಬೀದಿ ಫೋಟೊ ಅಂದರೆ ಕಪ್ಪುಬಿಳುಪೇ ಆಗಬೇಕಾ? ಎಲ್ಲವನ್ನೂ ಹಾಗೇ ಬದಲಾಯಿಸುತ್ತೇನೆ, ಕೆಲವು ಜೀವವೇ ಇಲ್ಲದ ಹಾಗೆ ಕಾಣುತ್ತವೆ.
(ಒಬ್ಬ ಓದುಗರು, ಶಿರಸಿ)

ಉತ್ತರ: ಹಾಗೇನಿಲ್ಲ. ಕುಂಕುಮದ ಗುಡ್ಡೆ ಹಾಕಿಕೊಂಡು ಕೂತ ವ್ಯಾಪಾರಿಯನ್ನು ಕಪ್ಪುಬಿಳುಪು ಮಾಡಿದರೆ ಮುಂದಿರುವುದು ಕುಂಕುಮವೋ ಬೂದಿಯೋ ಗೊತ್ತಾಗುವುದಿಲ್ಲ. ಕೆಂಪು, ಹಸಿರು ಎರಡೂ ಎಷ್ಟೋ ಸಲ ಹೆಚ್ಚುಕಡಿಮೆ ಒಂದೇ ಬೂದು ಬಣ್ಣವಾಗಿಬಿಡುತ್ತವೆ. ಗುಲಾಬಿ ತನ್ನ ಎಲೆಯೊಳಗೇ ಮುಳುಗುತ್ತದೆ, ಮಲ್ಲಿಗೆ ಎದ್ದು ಕಾಣುತ್ತದೆ. ನಿಮ್ಮ ಫೋಟೊಗಳಲ್ಲಿ ಇದೇ ಆಗಿದೆಯಾ ನೋಡಿ.

ಆದರೆ ನೀಲಿ ಟಾರ್ಪಾಲಿನ ಕೆಳಗೆ ಕೂತವರನ್ನು ಬಣ್ಣದಲ್ಲಿ ತೆಗೆದರೆ ಮುಖವೆಲ್ಲ ನೀಲಿಗಟ್ಟಿ ಕಾಯಿಲೆಯವರ ಹಾಗೆ ಕಾಣುತ್ತಾರೆ. ಅಲ್ಲಿ ಕಪ್ಪುಬಿಳುಪೇ ಸರಿ. ನೀಲಿ ಹೋಗಿ ಕಣ್ಣು, ಬೆರಳು, ಹಣೆಯ ಗೆರೆ ಉಳಿಯುತ್ತವೆ.

ಒಂದು ಮಾತು. ಕಪ್ಪುಬಿಳುಪಿಗೆ ಬದಲಾಯಿಸುವಾಗ ಎಡಿಟಿಂಗ್ ಆ್ಯಪ್‌ನಲ್ಲಿ ಒಂದೊಂದು ಬಣ್ಣಕ್ಕೂ ಇರುವ ಸ್ಲೈಡರ್ ಪಟ್ಟಿಗಳಲ್ಲಿ ಕೆಂಪು, ಕಿತ್ತಳೆಯವನ್ನು ಬಲಕ್ಕೆ ಎಳೆದರೆ ನಮ್ಮವರ ಮೈಬಣ್ಣ ತಟ್ಟನೆ ಬೆಳ್ಳಗಾಗುತ್ತದೆ. ದಯವಿಟ್ಟು ಹಾಗೆ ಮಾಡಬೇಡಿ. ಬಿಸಿಲಲ್ಲಿ ದುಡಿದ ಕಪ್ಪು ಮೈಮೇಲೆ ಬೆಳಕು ಎಷ್ಟು ಚೆನ್ನಾಗಿ ಕೂರುತ್ತದೆ ಗೊತ್ತಾ? ಬಿಳಿ ಪಂಚೆಯ ನೆರಿಗೆ ಕಾಣುವಷ್ಟು ಎಕ್ಸ್‌ಪೋಶರ್ (ಕ್ಯಾಮೆರಾ ಒಳಗೆ ಬಿಟ್ಟುಕೊಳ್ಳುವ ಬೆಳಕು) ಇಳಿಸಿ ತೆಗೆಯಿರಿ. ಆಮೇಲೆ ಮುಖದ ನೆರಳನ್ನು ಸ್ವಲ್ಪ ಎತ್ತಿ. ಡಿಜಿಟಲ್‌ನಲ್ಲಿ ಪಂಚೆ ಪೂರ್ತಿ ಬೆಳ್ಳಗೆ ಸುಟ್ಟುಹೋದರೆ ಆ ನೆರಿಗೆ ವಾಪಸ್ ಬರುವುದಿಲ್ಲ.

ಫೋಟೊಗ್ರಾಫರ್ ಟಿ.ಎಸ್. ಸತ್ಯನ್ ಅವರ ಕಪ್ಪುಬಿಳುಪು ಚಿತ್ರಗಳು ಎಲ್ಲಿ ಸಿಕ್ಕರೂ ಬಿಡದೆ ನೋಡಿ. 1923ರಲ್ಲಿ ಹುಟ್ಟಿದವರು, ನಮ್ಮ ಮೈಸೂರಿನವರು. ಸಾಮಾನ್ಯ ಜನ, ಅದರಲ್ಲೂ ಮಕ್ಕಳು, ಅವರ ಚಿತ್ರಗಳ ಜೀವ. ಬಡವರನ್ನು ತೆಗೆದಾಗಲೂ ನೋಡಿದವರು ಅಯ್ಯೋ ಪಾಪ ಅನ್ನುವ ಹಾಗೆ ಅವರು ತೆಗೆಯಲಿಲ್ಲ.

ಪ್ರಶ್ನೆ: ಜನರಿಗೆ ಗೊತ್ತಾಗದ ಹಾಗೆ ದೂರದಿಂದ ತೆಗೆಯಲು ದೊಡ್ಡ ಜೂಮ್ ಲೆನ್ಸ್ ಕೊಳ್ಳಲಾ?
(ಒಬ್ಬ ಓದುಗರು, ತುಮಕೂರು)

ಉತ್ತರ: ಬೇಡ. ಫುಲ್ ಫ್ರೇಮ್ ಕ್ಯಾಮೆರಾಗೆ (ಹಳೆಯ ಫಿಲ್ಮ್ ರೀಲಿನ ಚೌಕಟ್ಟಿನಷ್ಟೇ ದೊಡ್ಡ ಸೆನ್ಸರ್ ಇರುವಂಥದ್ದು) 35 ಎಂಎಂ ಲೆನ್ಸ್ ಹಾಕಿ, ಬೆಳಕು ಒಳಬರುವ ಕಿಂಡಿಯನ್ನು ಎಫ್/8ಕ್ಕೆ ಇಟ್ಟು, ಫೋಕಸ್ಸನ್ನು 3 ಮೀಟರ್‌ಗೆ ನಿಲ್ಲಿಸಿ. ಸುಮಾರು 2ರಿಂದ 7 ಮೀಟರ್‌ವರೆಗೆ ಇರುವುದೆಲ್ಲ ಸ್ಪಷ್ಟವಾಗಿ ಬರುತ್ತದೆ, ಫೋಕಸ್‌ಗೆ ತಡಕಾಡುವ ಕೆಲಸವಿಲ್ಲ. ಅಷ್ಟು ಹತ್ತಿರ ಹೋದರೆ ಅವರೂ ನಿಮ್ಮನ್ನು ನೋಡುತ್ತಾರೆ. ‘ಯಾವ ಪೇಪರಿಗೆ?’ ಅಂತ ಕೇಳುತ್ತಾರೆ. ಇದ್ದದ್ದು ಇದ್ದ ಹಾಗೆ ಹೇಳಿ. ಜೂಮ್‌ಗೆ ಅಂತ ಇಟ್ಟ ದುಡ್ಡಿನಲ್ಲಿ ಪ್ರಿಂಟ್ ಹಾಕಿಸಿ, ಮುಂದಿನ ವಾರ ಅದೇ ಅಂಗಡಿಗೆ ಹೋಗಿ ಕೊಡಿ.