ಟೈಪ್ 1 ಮಧುಮೇಹವಿದ್ದು ಮದ್ಯ ಕುಡಿದರೆ ಎಚ್ಚರ ಬೇಕಾದದ್ದು ಮಲಗಿದ ಮೇಲೆ

ಟೈಪ್ 1 ಮಧುಮೇಹ ಪತ್ತೆಯಾಗಿ ಎರಡು ವರ್ಷವಾದ ನೀವು, ಅಕ್ಕನ ಮೆಹಂದಿಯ ರಾತ್ರಿ ಸ್ವಲ್ಪ ಕುಡಿಯಬಹುದೇ, ಕುಡಿದಾಗ ಶುಗರ್ ಏರಿದರೆ ಇನ್ಸುಲಿನ್ ಹೆಚ್ಚು ತೆಗೆದುಕೊಳ್ಳಬೇಕೇ ಎಂದು ಕೇಳಿದ್ದೀರಿ. ಎರಡನೆಯದಕ್ಕೆ ಮೊದಲು ಉತ್ತರಿಸುತ್ತೇನೆ: ದಯವಿಟ್ಟು ನಿಮ್ಮಷ್ಟಕ್ಕೆ ಹಾಗೆ ಮಾಡಬೇಡಿ. ನಾನು ಉಡುಪಿಯವನು, ಹದಿನಾಲ್ಕು ವರ್ಷಗಳಿಂದ ಇನ್ಸುಲಿನ್ ತೆಗೆದುಕೊಳ್ಳುತ್ತಿದ್ದೇನೆ, ಇದೇ ತಪ್ಪನ್ನು ಒಮ್ಮೆ ಮಾಡಿದ್ದೇನೆ.

ಕಾಪುವಿನಲ್ಲಿ ಚಿಕ್ಕಪ್ಪನ ಮಗನ ಮೆಹಂದಿಯಿತ್ತು. ಒಂದು ಬಾಟಲಿ ಸ್ಟ್ರಾಂಗ್ ಬಿಯರ್ ಕುಡಿದು, ಕೋರಿ ರೊಟ್ಟಿ ತಿಂದು, ಎರಡು ಗಂಟೆ ಕುಣಿದೆ. ಹನ್ನೆರಡಕ್ಕೆ ಶುಗರ್ ನೋಡುವ ಮೀಟರ್ 236 (mg/dL) ತೋರಿಸಿದ್ದನ್ನು ಕಂಡು ಗಾಬರಿಯಾಗಿ ಆರು ಯುನಿಟ್ ಚುಚ್ಚಿಕೊಂಡು ಮಲಗಿದೆ. ನಾಲ್ಕು ಗಂಟೆಗೆ ನೀರಿಗೆಂದು ಎದ್ದ ಚಿಕ್ಕಮ್ಮ ನನ್ನ ಅಂಗಿ ಬೆವರಿನಿಂದ ತೊಯ್ದಿರುವುದನ್ನು ನೋಡಿ ಕರೆದರೆ ನಾನು ಏನೋ ತೊದಲಿದೆನಂತೆ. ಪಕ್ಕದಲ್ಲಿದ್ದವರು, "ಕುಡಿದದ್ದು ಹೆಚ್ಚಾಗಿದೆ, ಮಲಗಲಿ ಬಿಡಿ" ಎಂದರು. ಚಿಕ್ಕಮ್ಮ ಬಿಡಲಿಲ್ಲ. ಮೀಟರಿನಲ್ಲಿ 41 ಇತ್ತು. ನುಂಗುವಷ್ಟು ಎಚ್ಚರ ನನಗಿದ್ದುದರಿಂದ ಸಕ್ಕರೆ ನೀರು ಕುಡಿಸಿ ಉಳಿಸಿದರು.

ಊಟವಿಲ್ಲದ ಹೊತ್ತಿನಲ್ಲಿ, ಅದರಲ್ಲೂ ನಿದ್ದೆಯಲ್ಲಿ, ರಕ್ತಕ್ಕೆ ಗ್ಲೂಕೋಸ್ ಒದಗಿಸುವುದು ಯಕೃತ್ತು. ಮದ್ಯ ಒಳಗೆ ಹೋದಾಗ ಅದನ್ನು ಕರಗಿಸುವ ಕೆಲಸದಲ್ಲಿ ಯಕೃತ್ತು ಹೊಸ ಗ್ಲೂಕೋಸ್ ತಯಾರಿಸುವುದನ್ನು ತಗ್ಗಿಸುತ್ತದೆ. ಚುಚ್ಚಿಕೊಂಡ ಇನ್ಸುಲಿನ್ ಮಾತ್ರ ತನ್ನ ಕೆಲಸವನ್ನು ನಿಲ್ಲಿಸುವುದಿಲ್ಲ. ಕುಣಿತವೂ ಸೇರಿದರೆ ಇಳಿತ ಇನ್ನೂ ಹೆಚ್ಚು. ಆದ್ದರಿಂದ ಬಿಯರ್ ಮತ್ತು ಊಟದಿಂದ ಮೊದಲು ಏರಿದ ಶುಗರ್ ಬೆಳಗಿನ ಜಾವಕ್ಕೆ ಕುಸಿಯಬಹುದು, ಈ ಅಪಾಯ 24 ಗಂಟೆಯವರೆಗೂ ಇರಬಹುದು. 8 ಶೇಕಡಾ ಮದ್ಯಸಾರವಿರುವ 650 ಮಿಲಿಲೀಟರ್ ಬಾಟಲಿಯೊಂದರಲ್ಲಿ ಸುಮಾರು 40 ಗ್ರಾಂ ಮದ್ಯಸಾರವಿರುತ್ತದೆ. ಗಂಟೆಗೆ ಏಳರಿಂದ ಹತ್ತು ಗ್ರಾಂ ಕರಗಿಸುವ ಯಕೃತ್ತಿಗೆ ಅದು ನಾಲ್ಕೈದು ಗಂಟೆಗಳಿಗೂ ಮೀರಬಹುದಾದ ಕೆಲಸ. "ಒಂದೇ ಬಾಟಲಿ" ಎಂದು ನಾನು ಅಂದುಕೊಂಡದ್ದು ಎಷ್ಟು ತಪ್ಪು ಎಂಬುದು ಈ ಲೆಕ್ಕ ಹಾಕಿದ ಮೇಲೆ ತಿಳಿಯಿತು. ವಿಸ್ಕಿಯಂಥ ಮದ್ಯದ 60 ಮಿಲಿಲೀಟರ್ ಪೆಗ್ಗಿನಲ್ಲಿಯೂ ಸುಮಾರು 20 ಗ್ರಾಂ ಇರುತ್ತದೆ.

ಕುಡಿಯಬಹುದೇ ಎಂಬುದನ್ನು ನಿಮ್ಮ ವೈದ್ಯರೇ ಹೇಳಬೇಕು. ನರಗಳ ತೊಂದರೆ ಅಥವಾ ಮೇದೋಜೀರಕದ ಉರಿಯೂತವಿದ್ದರೆ, ಶುಗರ್ ಇಳಿಯುವ ಸೂಚನೆಯೇ ನಿಮಗೆ ತಿಳಿಯದಿದ್ದರೆ, ಬೇಡವೆಂಬುದೇ ನನ್ನ ಅಭಿಪ್ರಾಯ. ವೈದ್ಯರು ಒಪ್ಪಿದರೆ ಖಾಲಿ ಹೊಟ್ಟೆಯಲ್ಲಿ ಎಂದೂ ಕುಡಿಯಬೇಡಿ, ಅನ್ನವನ್ನೋ ರೊಟ್ಟಿಯನ್ನೋ ತಿಂದು ಸಣ್ಣ ಪ್ರಮಾಣದಲ್ಲಿ ನಿಲ್ಲಿಸಿ. ಊರಿನ ಕಳ್ಳನ್ನು ನಾನು ಮುಟ್ಟುವುದಿಲ್ಲ, ಏಕೆಂದರೆ ಅದು ಹುಳಿಯುತ್ತ ಹೋದಂತೆ ಅದರ ಸಕ್ಕರೆಯೂ ಮದ್ಯಸಾರವೂ ಬದಲಾಗುವುದರಿಂದ ಲೆಕ್ಕವೇ ಸಿಗುವುದಿಲ್ಲ. ಮಲಗುವ ಮುನ್ನ ಒಮ್ಮೆ, ಮೂರು ಗಂಟೆಗೆ ಅಲಾರಂ ಇಟ್ಟು ಇನ್ನೊಮ್ಮೆ ಪರೀಕ್ಷಿಸಿ. ಮಲಗುವಾಗ 140ಕ್ಕಿಂತ ಕಡಿಮೆಯಿದ್ದರೆ ನಾನು ಬ್ರೆಡ್ ಅಥವಾ ಬಾಳೆಹಣ್ಣು ತಿಂದೇ ಮಲಗುತ್ತೇನೆ. ಏರಿದ್ದರೂ ವೈದ್ಯರು ಮೊದಲೇ ಹೇಳಿಕೊಟ್ಟಿದ್ದಕ್ಕಿಂತ ಹೆಚ್ಚು ಇನ್ಸುಲಿನ್ ತೆಗೆದುಕೊಳ್ಳುವುದಿಲ್ಲ. ದೀರ್ಘಾವಧಿಯ ಇನ್ಸುಲಿನನ್ನು ಮಾತ್ರ ತಪ್ಪಿಸಬಾರದು. ಮರುದಿನ ವಾಂತಿಯಾಗಿ ಊಟ ಸೇರದಿದ್ದರೂ ಅದನ್ನು ನಿಲ್ಲಿಸದೆ ಕೀಟೋನ್ (ಇನ್ಸುಲಿನ್ ಸಾಲದಾದಾಗ ರಕ್ತದಲ್ಲಿ ಹೆಚ್ಚುವ ಆಮ್ಲ) ಪರೀಕ್ಷಿಸಿ ವೈದ್ಯರಿಗೆ ಕರೆ ಮಾಡಿ.

ಜೊತೆಗಿರುವವರಲ್ಲಿ ಕುಡಿಯದ ಒಬ್ಬರಿಗಾದರೂ ವಿಷಯ ತಿಳಿಸಿ. ನೀವು ತೊದಲಿದರೆ ಅಥವಾ ತೂರಾಡಿದರೆ ಅಮಲೆಂದುಕೊಳ್ಳದೆ ಮೀಟರ್ ಹಚ್ಚಲಿ. 70ಕ್ಕಿಂತ ಕೆಳಗಿದ್ದು ನುಂಗಲು ಬರುವಂತಿದ್ದರೆ ಮೂರು ನಾಲ್ಕು ಚಮಚ ಸಕ್ಕರೆ ಕಲಸಿದ ನೀರು ಕೊಟ್ಟು, 15 ನಿಮಿಷದ ಮೇಲೆ ಮತ್ತೆ ನೋಡಲಿ. ಪ್ರಜ್ಞೆ ತಪ್ಪಿದ್ದರೆ ಬಾಯಿಗೆ ಏನನ್ನೂ ಹಾಕದೆ, ಒಂದು ಮಗ್ಗುಲಿಗೆ ಮಲಗಿಸಿ, 108ಕ್ಕೆ ಕರೆ ಮಾಡಲಿ. ಗ್ಲುಕಗಾನ್ ಚುಚ್ಚುಮದ್ದು ಯಕೃತ್ತಿನಿಂದಲೇ ಸಕ್ಕರೆ ಬಿಡಿಸುವ ಔಷಧಿಯಾದ್ದರಿಂದ ಕುಡಿದ ರಾತ್ರಿ ಅದು ಸರಿಯಾಗಿ ಫಲಿಸದೆ ಹೋಗಬಹುದು. ಅದನ್ನು ಕೊಟ್ಟೆವೆಂದು ಯಾರೂ ಕಾಯುತ್ತ ಕೂರಬಾರದು.